ಎಪ್ಪತ್ತೈದು ವರ್ಷ ಸೋಲದ ಸಂಖ್ಯೆ

1876ರ ಆರಂಭದಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ವರದಿಗಳಲ್ಲಿ ಮೂರು ಪುಟದ ಒಂದು ಟಿಪ್ಪಣಿ ಅಚ್ಚಾಯಿತು. ಬರೆದವನು ಎದುವಾರ್ ಲ್ಯೂಕಾ. ಫ್ರಾನ್ಸಿನ ನಡುಭಾಗದ ಮೂಲಾಂ ಎಂಬ ಸಣ್ಣ ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ, ಇನ್ನೂ ಮೂವತ್ತನಾಲ್ಕು ತುಂಬದ ಮೇಷ್ಟ್ರು. ತಾನು ಹೊಸ ವಿಧಾನವೊಂದನ್ನು ಕಂಡುಕೊಂಡಿದ್ದೇನೆ, ಅದರಿಂದ ಈ ಕೆಳಗಿನ ಸಂಖ್ಯೆ ಅವಿಭಾಜ್ಯ ಎಂದು ತಿಳಿದುಬಂದಿದೆ ಎಂಬುದು ಅವನ ಮಾತು:

170141183460469231731687303715884105727

ಒಟ್ಟು 39 ಅಂಕಿಗಳು. ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, 127 ಎರಡುಗಳ ಗುಣಲಬ್ಧದಿಂದ ಒಂದನ್ನು ಕಳೆದರೆ ಸಿಗುವುದು ಇದು. ಗಣಿತದ ಬರವಣಿಗೆಯಲ್ಲಿ 2¹²⁷ − 1. ಅಲ್ಲಿಯವರೆಗೆ ಮನುಷ್ಯರಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯೆಂದರೆ 3203431780337. ಲಾಂದ್ರಿ ಎಂಬ ಇನ್ನೊಬ್ಬ ಫ್ರೆಂಚ್ ಲೆಕ್ಕಿಗ 1867ರಲ್ಲಿ 2⁵⁹ − 1 ಅನ್ನು ಒಡೆದಾಗ ಅದರೊಳಗಿಂದ ಸಿಕ್ಕಿದ್ದು. ಅದಕ್ಕಿರುವುದು 13 ಅಂಕಿ. ಹದಿಮೂರರಿಂದ ಒಮ್ಮೆಲೇ ಮೂವತ್ತೊಂಬತ್ತಕ್ಕೆ ನೆಗೆದ ಈ ದಾಖಲೆಯನ್ನು ಮುಂದಿನ ಎಪ್ಪತ್ತೈದು ವರ್ಷ ಯಾರಿಂದಲೂ ಮುರಿಯಲಾಗಲಿಲ್ಲ. ಯಂತ್ರದ ನೆರವಿಲ್ಲದೆ, ಕಾಗದ ಮತ್ತು ಸೀಸದಕಡ್ಡಿಯ ಬಲದಲ್ಲೇ ಕಂಡುಕೊಂಡ ಅವಿಭಾಜ್ಯಗಳ ಸಾಲಿನಲ್ಲಿ ಇಂದಿಗೂ ಇದಕ್ಕೇ ಮೊದಲ ಸ್ಥಾನ.

ನನ್ನನ್ನು ಈ ಸಂಖ್ಯೆಯತ್ತ ಎಳೆಯುವುದು ಅದರ ಗಾತ್ರವಲ್ಲ. ಇದು ಅವಿಭಾಜ್ಯ ಎಂದು ಹೇಳಿದ್ದು ಒಬ್ಬ. ಹಾಗೆ ಹೇಳಲು ದಾರಿ ಕಂಡುಹಿಡಿದದ್ದು ಇನ್ನೊಬ್ಬ. ಆ ದಾರಿ ಸರಿಯೆಂದು ಸಾಧಿಸಿದ್ದು ಮತ್ತೊಬ್ಬ. ಇವರ ನಡುವೆ ಸುಮಾರು ಮುನ್ನೂರು ವರ್ಷದ ಅಂತರವಿದೆ. ಗಣಿತದಲ್ಲಿ ಒಂದು ವಿಷಯ ಗೊತ್ತಾಯಿತು ಎನ್ನುವುದು ಯಾವ ಕ್ಷಣದಲ್ಲಿ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಹೇಳಿದವನು ಮಾರೆನ್ ಮರ್ಸೆನ್. 1588ರಲ್ಲಿ ಹುಟ್ಟಿದ ಈತ ಮಿನಿಮ್ ಎಂಬ ಕ್ರೈಸ್ತ ಪಂಥದ ಸನ್ಯಾಸಿ. ಪ್ಯಾರಿಸಿನ ಮಠವೊಂದರಲ್ಲಿ ವಾಸ. ವಿಜ್ಞಾನದ ಪತ್ರಿಕೆಗಳೇ ಇಲ್ಲದ ಆ ಕಾಲದಲ್ಲಿ ಯುರೋಪಿನ ವಿದ್ವಾಂಸರ ಸುದ್ದಿ ಓಡಾಡುತ್ತಿದ್ದುದು ಅವನ ಪತ್ರಗಳ ಮೂಲಕ. ದೇಕಾರ್ತ್, ಫರ್ಮಾ, ಪಾಸ್ಕಲ್, ಹೈಗನ್ಸ್ ಎಲ್ಲರೂ ಅವನಿಗೆ ಬರೆಯುತ್ತಿದ್ದರು. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕಳಿಸಿ ಉತ್ತರ ತರಿಸುವುದು ಅವನ ಕಾಯಕವಾಗಿತ್ತು. ಆ ಪ್ರಶ್ನೆಗಳಲ್ಲಿ ಒಂದು ಪರಿಪೂರ್ಣ ಸಂಖ್ಯೆಗಳದ್ದು. 6ನ್ನು ನಿಶ್ಶೇಷವಾಗಿ ಭಾಗಿಸುವ ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 3. ಕೂಡಿದರೆ ಮತ್ತೆ 6. ಇಪ್ಪತ್ತೆಂಟಕ್ಕೂ ಇದೇ ಗುಣ. ಎರಡರ ಘಾತದಿಂದ ಒಂದನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ಬಂದರೆ, ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಕಟ್ಟಬಹುದು ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿದ್ದ. ಹಾಗಾಗಿ ಹುಡುಕಾಟ ಶುರುವಾಗಿದ್ದು 3, 7, 31, 127 ಎಂಬ ಈ ಬಗೆಯ ಸಂಖ್ಯೆಗಳ ಸುತ್ತ. ಘಾತಾಂಕ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. ಹನ್ನೊಂದು ಅವಿಭಾಜ್ಯ, ಆದರೂ 2¹¹ − 1 ಎಂದರೆ 2047, ಅದು 23 ಮತ್ತು 89ರ ಗುಣಲಬ್ಧ.

1640ರಲ್ಲಿ ಫರ್ಮಾ ಈ ಹುಡುಕಾಟಕ್ಕೆ ಒಂದು ಒಳ್ಳೆಯ ಉಪಾಯ ಕೊಟ್ಟ. ಇಂಥ ಸಂಖ್ಯೆಯನ್ನು ಸಿಕ್ಕಸಿಕ್ಕ ಅವಿಭಾಜ್ಯದಿಂದೆಲ್ಲ ಭಾಗಿಸಿ ನೋಡಬೇಕಿಲ್ಲ. ಅದಕ್ಕೆ ಅಪವರ್ತನ ಇದ್ದರೆ, ಆ ಅಪವರ್ತನದಿಂದ ಒಂದು ಕಳೆದಾಗ ಘಾತಾಂಕದ ಎರಡರಷ್ಟರಿಂದ ಭಾಗವಾಗಲೇಬೇಕು. ಇದೇ ಉಪಾಯದಿಂದ ಅವನು 2³⁷ − 1 ಅನ್ನು 223 ಭಾಗಿಸುತ್ತದೆ ಎಂದು ಥಟ್ಟನೆ ತೋರಿಸಿಬಿಟ್ಟ. ನಾಲ್ಕು ವರ್ಷಗಳ ನಂತರ, 1644ರಲ್ಲಿ, ಮರ್ಸೆನ್ ತನ್ನ ಪುಸ್ತಕವೊಂದರ ಮುನ್ನುಡಿಯಲ್ಲಿ ಪಟ್ಟಿಯೊಂದನ್ನು ಕೊಟ್ಟ. 257ರವರೆಗಿನ ಘಾತಾಂಕಗಳಲ್ಲಿ ಅವಿಭಾಜ್ಯ ಸಂಖ್ಯೆ ಕೊಡುವವು ಇವು ಮಾತ್ರ ಎಂದು: 2, 3, 5, 7, 13, 17, 19, 31, 67, 127, 257.

ಈ ಪಟ್ಟಿಯನ್ನು ಅವನು ಹೇಗೆ ಮಾಡಿದ? 2²⁵⁷ − 1 ಎಂಬುದು 78 ಅಂಕಿಗಳ ಸಂಖ್ಯೆ. ಹದಿನೈದಿಪ್ಪತ್ತು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂದು ಪರೀಕ್ಷಿಸಲು ಎಷ್ಟು ಕಾಲವಿದ್ದರೂ ಸಾಲದು ಎಂಬ ಅರ್ಥದ ಮಾತನ್ನು ಮರ್ಸೆನ್ ತಾನೇ ಬರೆದಿದ್ದಾನೆ. ಲೆಕ್ಕ ಮಾಡಿ ಬರೆದ ಪಟ್ಟಿ ಅಲ್ಲ ಅದು, ಊಹಿಸಿ ಬರೆದದ್ದು. ಇಂದು ನಮಗೆ ಗೊತ್ತಿರುವಂತೆ ಅದರಲ್ಲಿ ಐದು ತಪ್ಪುಗಳಿವೆ: 67 ಮತ್ತು 257 ಸೇರಬಾರದಿತ್ತು, 61, 89, 107 ಬಿಟ್ಟುಹೋಗಿವೆ. ಆದರೂ ಆ ಪಟ್ಟಿಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ತಪ್ಪೋ ಸರಿಯೋ, ಮುಂದಿನವರಿಗೆ ಪರೀಕ್ಷಿಸಲು ಏನಾದರೊಂದು ಬೇಕಿತ್ತು. ಮರ್ಸೆನ್ ಅದನ್ನು ಕೊಟ್ಟ. ಈ ಬಗೆಯ ಸಂಖ್ಯೆಗಳಿಗೆ ಅವನ ಹೆಸರೇ ಉಳಿಯಿತು.

ಪಟ್ಟಿಯ ಮೊದಲ ಭಾಗ ಬೇಗ ಇತ್ಯರ್ಥವಾಯಿತು. 17 ಮತ್ತು 19ನ್ನು ಇಟಲಿಯ ಕತಾಲ್ದಿ ಮರ್ಸೆನ್‌ಗೂ ಮುಂಚೆಯೇ ಭಾಗಿಸಿ ಭಾಗಿಸಿ ಮುಗಿಸಿದ್ದ. 31ಕ್ಕೆ ಆಯ್ಲರ್ ಬೇಕಾಯಿತು. 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿದ್ದ ಕಾಲದಲ್ಲಿ, ಅವನು ಬರ್ನೂಲಿಗೆ ಬರೆದ ಪತ್ರದಲ್ಲಿ 2147483647 ಅವಿಭಾಜ್ಯ ಎಂದು ತಿಳಿಸಿದ. ಇದರ ವರ್ಗಮೂಲ ಸುಮಾರು 46340. ಫರ್ಮಾನ ಉಪಾಯಕ್ಕೆ ಇನ್ನೊಂದು ಜರಡಿ ಸೇರಿಸಿದ ಆಯ್ಲರ್, ಅಪವರ್ತನ ಇದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಮಾತ್ರ ಬರಬಹುದು ಎಂದು ತೋರಿಸಿದ. 46340ರೊಳಗೆ ಅಂಥವು ನಾನೂರಕ್ಕೂ ಕಡಿಮೆ. ಅವುಗಳಲ್ಲೂ ಅವಿಭಾಜ್ಯವಾದವನ್ನಷ್ಟೇ ನೋಡಿದರೆ ಸಾಕು. ಒಂದೂ ಭಾಗಿಸಲಿಲ್ಲ.

ಇಲ್ಲಿಗೆ ದಾರಿ ನಿಂತಿತು ಎಂದೇ ಬಹಳ ಮಂದಿ ನಂಬಿದ್ದರು. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರ ತನ್ನ ಪುಸ್ತಕದಲ್ಲಿ, 2147483647ರಿಂದ ಬರುವ ಪರಿಪೂರ್ಣ ಸಂಖ್ಯೆಯೇ ಮನುಷ್ಯ ಕಂಡುಕೊಳ್ಳಬಹುದಾದ ಅತಿ ದೊಡ್ಡದು, ಉಪಯೋಗವಿಲ್ಲದ ಈ ಕುತೂಹಲಕ್ಕಾಗಿ ಇನ್ನು ಯಾರೂ ಮುಂದೆ ಹೋಗಲಾರರು ಎಂದು ಬರೆದ. ಭಾಗಿಸಿ ನೋಡುವುದೊಂದೇ ದಾರಿ ಎಂದಾದರೆ ಬಾರ್ಲೋ ಹೇಳಿದ್ದು ಬಹುಮಟ್ಟಿಗೆ ಸರಿ. 2¹²⁷ − 1ರ ವರ್ಗಮೂಲ 20 ಅಂಕಿಗಳದ್ದು. ಫರ್ಮಾ ಮತ್ತು ಆಯ್ಲರ್ ಕೊಟ್ಟ ಎರಡೂ ಜರಡಿಗಳನ್ನು ಹಿಡಿದರೂ ಪರೀಕ್ಷಿಸಬೇಕಾದ ಸಂಖ್ಯೆಗಳು 25,00,00,00,00,00,00,000ಕ್ಕಿಂತ ಹೆಚ್ಚು ಉಳಿಯುತ್ತವೆ. ಸೆಕೆಂಡಿಗೊಂದರಂತೆ ಹಗಲಿರುಳು ಭಾಗಿಸುತ್ತ ಕೂತರೆ ಸುಮಾರು 80 ಕೋಟಿ ವರ್ಷ ಬೇಕು.

ಲ್ಯೂಕಾ ಭಾಗಿಸುವುದನ್ನೇ ಕೈಬಿಟ್ಟ. ಅಪವರ್ತನ ಯಾವುದು ಎಂದು ಅವನು ಕೇಳಲಿಲ್ಲ. ಈ ಸಂಖ್ಯೆ ಅವಿಭಾಜ್ಯವಾಗಿದ್ದರೆ ಅದರ ಸುತ್ತ ಒಂದು ನಿರ್ದಿಷ್ಟ ಲೆಕ್ಕ ಹೀಗೇ ಮುಗಿಯಬೇಕು, ಮುಗಿಯುತ್ತದೆಯೇ ನೋಡೋಣ ಎಂದು ಹೊರಟ. ಅಪವರ್ತನದ ಸುಳಿವೇ ಇಲ್ಲದೆ ಸಂಖ್ಯೆಯ ಸ್ವಭಾವ ಹೇಳುವ ಈ ಬಗೆ ಅವಿಭಾಜ್ಯಗಳ ಚರಿತ್ರೆಯ ಅತಿ ದೊಡ್ಡ ತಿರುವು ಎಂದು ನಾನು ಎಣಿಸುತ್ತೇನೆ.

ಆ ಲೆಕ್ಕ ಹುಟ್ಟಿದ್ದು ಫಿಬೊನಾಚಿ ಶ್ರೇಢಿಯಿಂದ: 1, 1, 2, 3, 5, 8, 13. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಈ ಶ್ರೇಢಿಗೆ ಆ ಹೆಸರು ನೆಲೆಯಾಗುವಂತೆ ಮಾಡಿದವನೇ ಲ್ಯೂಕಾ. ನಮ್ಮ ಛಂದಸ್ಸಿನವರಿಗೆ ಇದು ಇಟಲಿಯ ಫಿಬೊನಾಚಿಗಿಂತ ಮುಂಚೆಯೇ ಗೊತ್ತಿತ್ತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದಿಟ್ಟುಕೊಂಡು ಇಷ್ಟು ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ಎಣಿಸಿದರೆ ಬರುವುದು ಇದೇ ಸಾಲು. ವಿರಹಾಂಕನೂ ಹನ್ನೆರಡನೆಯ ಶತಮಾನದ ಹೇಮಚಂದ್ರನೂ ಅದನ್ನು ಬರೆದಿಟ್ಟಿದ್ದಾರೆ. ಕಂದ ಪದ್ಯದ ನಾಲ್ಕು ಮಾತ್ರೆಯ ಗಣಗಳನ್ನು ಬಲ್ಲ ಕನ್ನಡದ ಓದುಗ ಬೆರಳು ಮಡಿಸಿ ನೋಡಬಹುದು: ಎರಡು ಗುರು, ಒಂದು ಗುರು ಎರಡು ಲಘು, ಗುರು ಮೊದಲೋ ನಡುವೆಯೋ ಕೊನೆಗೋ ಬಂದು ಮೂರು ಬಗೆ, ನಾಲ್ಕೂ ಲಘು. ಒಟ್ಟು ಐದು.

ಇದೇ ಕೂಡುವ ನಿಯಮಕ್ಕೆ 1, 3 ಎಂದು ಶುರು ಮಾಡಿದರೆ 1, 3, 4, 7, 11, 18, 29, 47 ಎಂದು ಸಾಗುತ್ತದೆ. ಈ ಸಾಲಿಗೆ ಈಗ ಲ್ಯೂಕಾನ ಹೆಸರಿದೆ. ಇದರ ಎರಡನೆಯ, ನಾಲ್ಕನೆಯ, ಎಂಟನೆಯ ಪದಗಳನ್ನು ನೋಡಿ: 3, 7, 47. ಮೂರರ ವರ್ಗದಿಂದ ಎರಡು ಕಳೆದರೆ 7. ಏಳರ ವರ್ಗದಿಂದ ಎರಡು ಕಳೆದರೆ 47. ವರ್ಗ ಮಾಡು, ಎರಡು ಕಳೆ. ಪರೀಕ್ಷೆ ಎಂದರೆ ಇಷ್ಟೇ.

ಚಿಕ್ಕದೊಂದನ್ನು ಮಾಡಿ ನೋಡೋಣ. 2⁷ − 1, ಅಂದರೆ 127. ಮೂರರಿಂದ ಹೊರಡಬೇಕು. ವರ್ಗ ಮಾಡಿ ಎರಡು ಕಳೆಯಬೇಕು. ಉತ್ತರ 127ನ್ನು ದಾಟಿದರೆ 127ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. 3, 7, 47. ನಲವತ್ತೇಳರ ವರ್ಗ 2209, ಎರಡು ಕಳೆದರೆ 2207, ಶೇಷ 48. ನಲವತ್ತೆಂಟರ ವರ್ಗದಿಂದ ಎರಡು ಕಳೆದರೆ 2302, ಶೇಷ 16. ಹದಿನಾರರ ವರ್ಗದಿಂದ ಎರಡು ಕಳೆದರೆ 254. ಅದು 127ರ ಎರಡರಷ್ಟು, ಶೇಷ ಸೊನ್ನೆ. ಘಾತಾಂಕಕ್ಕಿಂತ ಎರಡು ಕಡಿಮೆ, ಅಂದರೆ ಐದನೆಯ ವರ್ಗದಲ್ಲಿ ಸೊನ್ನೆ ಬಂತು. ಆದ್ದರಿಂದ 127 ಅವಿಭಾಜ್ಯ. ಸೊನ್ನೆ ಬಾರದಿದ್ದರೆ ಅಲ್ಲ. ನಡುವೆ ಎಲ್ಲಿಯೂ ನಾವು 127ನ್ನು 3 ಭಾಗಿಸುತ್ತದೆಯೇ, 7 ಭಾಗಿಸುತ್ತದೆಯೇ ಎಂದು ಕೇಳಲಿಲ್ಲ. ಮೂರರಿಂದ ಹೊರಡುವ ಈ ರೂಪ ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವ ಘಾತಾಂಕಗಳಿಗೆ ಒಗ್ಗುತ್ತದೆ. 7 ಅಂಥದ್ದು, 127 ಕೂಡ ಅಂಥದ್ದೇ.

ಇದರಲ್ಲಿ ಇನ್ನೊಂದು ಅನುಕೂಲವಿದೆ. 2207ನ್ನು 127ರಿಂದ ಭಾಗಿಸುವುದಕ್ಕೂ ಕಷ್ಟಪಡಬೇಕಿಲ್ಲ. 128 ಎಂಬುದು 127ಕ್ಕಿಂತ ಒಂದೇ ಹೆಚ್ಚು. ಹಾಗಾಗಿ 2207ರಲ್ಲಿ 128 ಹದಿನೇಳು ಸಲ ಹೋಗಿ 31 ಉಳಿದರೆ, ಹದಿನೇಳು ಮತ್ತು ಮೂವತ್ತೊಂದನ್ನು ಕೂಡಿದರಾಯಿತು, 48. ಸೊನ್ನೆ ಮತ್ತು ಒಂದುಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇದು ಇನ್ನೂ ಸಲೀಸು: ಎಡಕ್ಕೆ ಉಕ್ಕಿ ಹೋದ ಅಂಕಿಗಳನ್ನು ತಂದು ಬಲಕ್ಕೆ ಸೇರಿಸುವುದಷ್ಟೇ ಕೆಲಸ. ಲ್ಯೂಕಾ ಇದನ್ನು ಚದುರಂಗದ ಮಣೆಯಂಥ ಚೌಕಗಳ ಮೇಲೆ ಕಾಯಿ ಇಟ್ಟು ಆಡುವ ಆಟದ ಹಾಗೆ ವಿವರಿಸಿದ್ದಾನೆ. ಕಾಯಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಒಂದು ಕಂಬಸಾಲಿನಲ್ಲಿ ಎರಡು ಕಾಯಿ ಕೂಡಿದರೆ ಅವೆರಡನ್ನೂ ತೆಗೆದು ಎಡಗಡೆಯ ಸಾಲಿಗೆ ಒಂದು. ಎಡ ಅಂಚು ದಾಟಿದ ಕಾಯಿ ಬಲ ಅಂಚಿಗೆ. 127 ಘಾತಾಂಕಕ್ಕೆ ಬೇಕಾದ ಮಣೆಗೆ 127 ಅಡ್ಡಸಾಲು, 127 ಕಂಬಸಾಲು. ಒಟ್ಟು 16129 ಮನೆಗಳು. ಅಂಥ ಮಣೆಯ ಮೇಲೆ ಒಂದೊಂದು ವರ್ಗಕ್ಕೂ ಸಾವಿರಾರು ಕಾಯಿ ಜೋಡಿಸಿ ತೆಗೆಯಬೇಕು. ಹಾಗೆ 125 ಸಲ. ಮಣೆಯಲ್ಲಾಗಲಿ ಕಾಗದದಲ್ಲಾಗಲಿ, ಒಂದೇ ಒಂದು ಕಡೆ ಕೈತಪ್ಪಿದರೆ ಕೊನೆಗೆ ಸೊನ್ನೆ ಬರುವುದಿಲ್ಲ.

ಮಣೆ, ಕಾಯಿ, ಆಟ ಎಂದರೆ ಲ್ಯೂಕಾಗೆ ಬಲು ಪ್ರೀತಿ. ಉತ್ತರ ಫ್ರಾನ್ಸಿನ ಅಮಿಯಾಂ ಊರಿನಲ್ಲಿ 1842ರಲ್ಲಿ ಹುಟ್ಟಿದ ಅವನು ಪ್ಯಾರಿಸಿನಲ್ಲಿ ಓದಿ, ನೆಪ್ಚೂನ್ ಗ್ರಹವನ್ನು ಲೆಕ್ಕದಿಂದಲೇ ಹುಡುಕಿದ ಲ ವೆರ್ಯೇಯ ಕೆಳಗೆ ವೀಕ್ಷಣಾಲಯದಲ್ಲಿ ಕೆಲಸ ಮಾಡಿದ. 1870ರ ಪ್ರಷ್ಯಾ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾದ. ಯುದ್ಧ ಮುಗಿದ ಮೇಲೆ ಮೂಲಾಂ, ಅಲ್ಲಿಂದ ಪ್ಯಾರಿಸಿನ ಶಾಲೆಗಳು. ವಿಶ್ವವಿದ್ಯಾಲಯದ ಪೀಠ ಅವನಿಗೆ ಸಿಗಲಿಲ್ಲ. ಗಣಿತ ವಿನೋದಗಳ ಬಗ್ಗೆ ನಾಲ್ಕು ಸಂಪುಟ ಬರೆದ. 1883ರಲ್ಲಿ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿದ ಗುಪ್ತನಾಮದಲ್ಲಿ ಮಾರುಕಟ್ಟೆಗೆ ಬಿಟ್ಟ ಆಟಿಕೆ ಹನೋಯ್ ಗೋಪುರ. ಮೂರು ಕಂಬ, ಒಂದರ ಮೇಲೊಂದು ಬಿಲ್ಲೆಗಳು, ಚಿಕ್ಕದರ ಮೇಲೆ ದೊಡ್ಡದು ಕೂರಬಾರದು. ಇಂದಿಗೂ ಕಂಪ್ಯೂಟರ್ ಓದುವ ಪ್ರತಿ ವಿದ್ಯಾರ್ಥಿ ಇದನ್ನು ಬಿಡಿಸುತ್ತಾನೆ. ಮೂರು ಬಿಲ್ಲೆಗೆ ಏಳು ನಡೆ, ಏಳು ಬಿಲ್ಲೆಗೆ 127 ನಡೆ. 127 ಬಿಲ್ಲೆ ಇಟ್ಟರೆ ಬೇಕಾಗುವ ನಡೆಗಳು ಸರಿಯಾಗಿ ಆ 39 ಅಂಕಿಗಳ ಸಂಖ್ಯೆಯಷ್ಟು. ತನ್ನ ಜೀವಮಾನದ ದೊಡ್ಡ ಲೆಕ್ಕವನ್ನು ಅವನು ಮಕ್ಕಳ ಕೈಗೂ ಕೊಟ್ಟ ಹಾಗಾಯಿತು.

ಅವನ ಸಾವು ಕ್ರೂರವಾದದ್ದು. 1891ರಲ್ಲಿ ಮಾರ್ಸೇಲ್ ನಗರದಲ್ಲಿ ವಿಜ್ಞಾನ ಸಮ್ಮೇಳನ. ಔತಣದಲ್ಲಿ ಬಡಿಸುವವನ ಕೈಯಿಂದ ಪಿಂಗಾಣಿ ಬಿದ್ದು ಒಡೆದು, ಚೂರೊಂದು ಹಾರಿ ಲ್ಯೂಕಾನ ಕೆನ್ನೆಗೆ ತಾಗಿತು. ಗಾಯ ನಂಜಾಯಿತು. ಕೆಲವೇ ದಿನಗಳಲ್ಲಿ, ಅಕ್ಟೋಬರ್ 3ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಸಂಖ್ಯಾ ಸಿದ್ಧಾಂತದ ಮೇಲಿನ ಅವನ ದೊಡ್ಡ ಗ್ರಂಥದ ಮೊದಲ ಸಂಪುಟ ಆ ವರ್ಷವಷ್ಟೇ ಹೊರಬಂದಿತ್ತು. ಎರಡನೆಯದು ಬರಲೇ ಇಲ್ಲ.

ಅವನು ಬಿಟ್ಟುಹೋದ ತೊಡಕುಗಳು ಎರಡು. 125 ಹೆಜ್ಜೆಗಳ ಲೆಕ್ಕವನ್ನು ಅವನು ಸಾಲು ಸಾಲಾಗಿ ಅಚ್ಚು ಮಾಡಿರಲಿಲ್ಲ; ಬೇರೆಯವರು ಕೂತು ಪರಿಶೀಲಿಸುವಂತಿರಲಿಲ್ಲ. ಪರೀಕ್ಷೆಯ ಹಿಂದಿನ ಪ್ರಮೇಯಗಳ ಸಾಧನೆಯಲ್ಲೂ ಸಂದುಗಳಿದ್ದವು. 1878ರಲ್ಲಿ ಅಮೆರಿಕದ ಹೊಸ ಗಣಿತ ಪತ್ರಿಕೆಯ ಮೊದಲ ಸಂಪುಟದಲ್ಲೇ ಅವನ ದೀರ್ಘ ಪ್ರಬಂಧ ಬಂತು. ಹೊಳಹುಗಳಿಂದ ತುಂಬಿದ ಬರಹ ಅದು. ಒಂದು ಹೊಳಹಿನಿಂದ ಇನ್ನೊಂದಕ್ಕೆ ಹಾರುವ ಆತುರವೂ ಅದರಲ್ಲಿದೆ.

ಇತ್ತ ಮರ್ಸೆನ್ನನ ಪಟ್ಟಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿತ್ತು. 1883ರಲ್ಲಿ ಉರಲ್ ಸೀಮೆಯ ಹಳ್ಳಿಯ ಪಾದ್ರಿ ಪೆರ್ವುಶಿನ್, ಪಟ್ಟಿಯಲ್ಲಿಲ್ಲದ 2⁶¹ − 1 ಅವಿಭಾಜ್ಯ ಎಂದು ತೋರಿಸಿದ. 67ರ ಸರದಿ ಇನ್ನೂ ಸ್ವಾರಸ್ಯದ್ದು. 2⁶⁷ − 1 ಅವಿಭಾಜ್ಯವಲ್ಲ ಎಂದು ಲ್ಯೂಕಾ 1876ರಲ್ಲೇ ತನ್ನ ವಿಧಾನದಿಂದ ಹೇಳಿದ್ದ. ಹಾಗಾದರೆ ಅದರ ಅಪವರ್ತನಗಳು ಯಾವುವು? ಅವನ ವಿಧಾನ ಅದನ್ನು ಹೇಳುವುದಿಲ್ಲ; ಒಡೆಯುತ್ತದೆ ಎನ್ನುತ್ತದೆಯೇ ಹೊರತು ಎಲ್ಲಿ ಒಡೆಯುತ್ತದೆ ಎನ್ನುವುದಿಲ್ಲ. ಇಪ್ಪತ್ತೇಳು ವರ್ಷ ಆ ಪ್ರಶ್ನೆ ಹಾಗೇ ಇತ್ತು. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ. ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಕ್ ನೆಲ್ಸನ್ ಕೋಲ್ ಕಪ್ಪುಹಲಗೆಯ ಬಳಿ ಹೋಗಿ, ಒಂದು ಮಾತೂ ಆಡದೆ, ಎರಡನ್ನು 67ನೆಯ ಘಾತಕ್ಕೆ ಏರಿಸಿ ಒಂದು ಕಳೆದ: 147573952589676412927. ಆಮೇಲೆ ಹಲಗೆಯ ಖಾಲಿ ಜಾಗಕ್ಕೆ ಸರಿದು 193707721 ಮತ್ತು 761838257287 ಎಂಬ ಎರಡು ಸಂಖ್ಯೆ ಬರೆದು, ಶಾಲೆಯಲ್ಲಿ ಕಲಿತಂತೆ ಸಾಲು ಸಾಲಾಗಿ ಗುಣಿಸಿದ. ಎರಡು ಉತ್ತರಗಳೂ ಒಂದೇ. ಬಂದು ಕುಳಿತುಕೊಂಡ. ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಮುಂದೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದನಂತೆ. ಈ ಪ್ರಸಂಗವನ್ನು ದಾಟಿಸಿದವನು ಗಣಿತದ ಕಥೆಗಾರ ಇ. ಟಿ. ಬೆಲ್, ಅವನ ಕೈಯಲ್ಲಿ ಅದಕ್ಕೆ ಸ್ವಲ್ಪ ಬಣ್ಣ ಬಂದಿದ್ದೀತು. ಆದರೆ ಆ ಗುಣಾಕಾರವನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

ಕೋಲ್‌ನ ಫಲಿತಾಂಶಕ್ಕೆ ಸಾಕ್ಷಿ ಎಷ್ಟು ಚಿಕ್ಕದು ನೋಡಿ, ಹಲಗೆಯ ಮೇಲೆ ಹಿಡಿಸುವಷ್ಟು. 2¹²⁷ − 1 ಅವಿಭಾಜ್ಯ ಎಂಬುದಕ್ಕೆ ಅಂಥ ಸಾಕ್ಷಿ ಇಲ್ಲ. 125 ವರ್ಗಗಳನ್ನೂ ಮತ್ತೆ ಮಾಡುವುದೊಂದೇ ಗತಿ. ಅದನ್ನು ಮಾಡಿ ಮುಗಿಸಿದವನು ಫ್ರಾನ್ಸಿನ ಫೋಕಂಬೆರ್ಗ್, 1914ರಲ್ಲಿ. ಲ್ಯೂಕಾ ಹೇಳಿದ್ದು ನಿಜವೆಂದು ಆಗ ಖಚಿತವಾಯಿತು. ಅಮೆರಿಕದ ಪವರ್ಸ್ 1911ರಲ್ಲಿ 89ನ್ನೂ 1914ರಲ್ಲಿ 107ನ್ನೂ ಸೇರಿಸಿದ್ದ. ಇವೆರಡೂ 127ಕ್ಕಿಂತ ಚಿಕ್ಕವಾದ್ದರಿಂದ ದಾಖಲೆಗೆ ಧಕ್ಕೆಯಾಗಲಿಲ್ಲ.

ಪ್ರಮೇಯದ ಸಂದುಗಳನ್ನು ಮುಚ್ಚಿದವನು ಕ್ಯಾಲಿಫೋರ್ನಿಯಾದ ಡೆರಿಕ್ ಹೆನ್ರಿ ಲೇಮರ್. 1930ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಲ್ಯೂಕಾನ ಸಿದ್ಧಾಂತವನ್ನು ಬುಡದಿಂದ ಕಟ್ಟಿ, ಮೂರರ ಬದಲು ನಾಲ್ಕರಿಂದ ಹೊರಟರೆ ಎಲ್ಲ ಬೆಸ ಘಾತಾಂಕಗಳಿಗೂ ಪರೀಕ್ಷೆ ಅನ್ವಯಿಸುತ್ತದೆ ಎಂದು ತೋರಿಸಿದ. ಇಂದು ಜಗತ್ತು ಬಳಸುವ ಲ್ಯೂಕಾ–ಲೇಮರ್ ಪರೀಕ್ಷೆ ಇದು. ಮರ್ಸೆನ್ನನ ಕೊನೆಯ ಘಾತಾಂಕ 257ನ್ನು ಹೊಡೆದುಹಾಕಿದ್ದೂ ಇದೇ ಲೇಮರ್. ಮೇಜಿನ ಮೇಲಿನ ಲೆಕ್ಕಯಂತ್ರದಲ್ಲಿ ನೂರಾರು ಗಂಟೆ ದುಡಿದು. 257ರವರೆಗಿನ ಎಲ್ಲ ಘಾತಾಂಕಗಳ ವಿಚಾರಣೆ ಮುಗಿದದ್ದು 1947ರಲ್ಲಿ. ಮರ್ಸೆನ್ ಪಟ್ಟಿ ಕೊಟ್ಟು ಅಷ್ಟು ಹೊತ್ತಿಗೆ 303 ವರ್ಷ ಕಳೆದಿತ್ತು.

ಆ ವೇಳೆಗೆ ಎಲೆಕ್ಟ್ರಾನಿಕ್ ಕಂಪ್ಯೂಟರುಗಳು ಕಣ್ಣು ತೆರೆಯುತ್ತಿದ್ದವು. 1949ರಲ್ಲಿ ಮ್ಯಾಂಚೆಸ್ಟರಿನ ಯಂತ್ರದ ಮೇಲೆ ನ್ಯೂಮನ್ ಮತ್ತು ಅಲನ್ ಟ್ಯೂರಿಂಗ್ ಮರ್ಸೆನ್ ಸಂಖ್ಯೆಗಳನ್ನು ಓಡಿಸಿದರು. 353ರವರೆಗೆ ನೋಡಿದರೂ ಹೊಸದೊಂದು ಸಿಗಲಿಲ್ಲ. ಟ್ಯೂರಿಂಗ್ ಇನ್ನೂ ಸ್ವಲ್ಪ ದೂರ, 521ರವರೆಗೆ, ಹೋಗಿದ್ದರೆ ಸಿಗುತ್ತಿತ್ತು.

ದಾಖಲೆ ಮುರಿದದ್ದು 1951ರಲ್ಲಿ, ಎರಡು ಸಲ. ಮೊದಲು ಫೆರ್ಯೇ ಎಂಬ ಫ್ರೆಂಚ್ ಗಣಿತಜ್ಞ ಮೇಜಿನ ಲೆಕ್ಕಯಂತ್ರದಿಂದ 2¹⁴⁸ + 1ನ್ನು 17ರಿಂದ ಭಾಗಿಸಿದಾಗ ಬರುವ 44 ಅಂಕಿಗಳ ಸಂಖ್ಯೆ ಅವಿಭಾಜ್ಯ ಎಂದು ಸಾಧಿಸಿದ. ಅದರ ಬೆನ್ನಿಗೇ ಕೇಂಬ್ರಿಡ್ಜಿನಲ್ಲಿ ಮಿಲ್ಲರ್ ಮತ್ತು ವೀಲರ್ ಎಡ್ಸಾಕ್ ಎಂಬ ಕಂಪ್ಯೂಟರಿನಲ್ಲಿ 79 ಅಂಕಿಗಳದ್ದನ್ನು ಹಿಡಿದರು. ಆ ಎರಡನೆಯದನ್ನು ಅವರು ಹುಡುಕಿದ ಬಗೆಯನ್ನು ಗಮನಿಸಬೇಕು. ಒಂದು ಸಂಖ್ಯೆಯಿಂದ ಒಂದು ಕಳೆದಾಗ ಉಳಿಯುವುದರಲ್ಲಿ ನಮಗೆ ಆಗಲೇ ಗೊತ್ತಿರುವ ದೊಡ್ಡ ಅವಿಭಾಜ್ಯವೊಂದು ಅಪವರ್ತನವಾಗಿದ್ದರೆ, ಮೂಲ ಸಂಖ್ಯೆಯನ್ನು ಪರೀಕ್ಷಿಸುವುದು ಸುಲಭ. ಅವರ ಕೈಯಲ್ಲಿದ್ದ ದೊಡ್ಡ ಅವಿಭಾಜ್ಯ ಯಾವುದು? ಲ್ಯೂಕಾನದ್ದೇ. 2¹²⁷ − 1ರ ವರ್ಗವನ್ನು 180ರಿಂದ ಗುಣಿಸಿ ಒಂದು ಕೂಡಿಸಿದರು. ಹಳೆಯ ದೊರೆಯ ಹೆಗಲ ಮೇಲೆ ನಿಂತೇ ಹೊಸ ದೊರೆ ಪಟ್ಟಕ್ಕೇರಿದ್ದು.

ಆರು ತಿಂಗಳಲ್ಲಿ ಆ ಪಟ್ಟವೂ ಹೋಯಿತು. 1952ರ ಜನವರಿ 30ರ ರಾತ್ರಿ ಲಾಸ್ ಏಂಜಲೀಸಿನ ಸ್ವ್ಯಾಕ್ ಕಂಪ್ಯೂಟರಿಗೆ ಲ್ಯೂಕಾ–ಲೇಮರ್ ಪರೀಕ್ಷೆಯ ಪ್ರೋಗ್ರಾಂ ಉಣಿಸಲಾಯಿತು. ಬರೆದವನು ಬರ್ಕ್ಲಿಯ ರಾಫೇಲ್ ರಾಬಿನ್‌ಸನ್. ಅದಕ್ಕೂ ಮುಂಚೆ ಆ ಯಂತ್ರವನ್ನು ಅವನು ಕಂಡಿರಲಿಲ್ಲ. ಕೈಪಿಡಿ ಓದಿಕೊಂಡೇ ಬರೆದದ್ದು. ಯಂತ್ರವಿದ್ದ ಸಂಸ್ಥೆಯ ನಿರ್ದೇಶಕ ಲೇಮರ್. ತಾನು ನೂರಾರು ಗಂಟೆ ತೇಯ್ದ 257ನ್ನು ಯಂತ್ರ ಒಂದು ನಿಮಿಷದೊಳಗೆ ಮುಗಿಸಿದ್ದನ್ನು ಅವನು ನೋಡಿದ. ಅದೇ ರಾತ್ರಿ ಎರಡು ಹೊಸ ಅವಿಭಾಜ್ಯಗಳು ಬಂದವು, 521 ಮತ್ತು 607 ಘಾತಾಂಕಗಳವು. ಎರಡನೆಯದಕ್ಕೆ 183 ಅಂಕಿ. ವರ್ಷ ಮುಗಿಯುವುದರೊಳಗೆ ಇನ್ನೂ ಮೂರು. ಎಲ್ಲದರಲ್ಲೂ ಯಂತ್ರ ಮಾಡಿದ್ದು ಲ್ಯೂಕಾ ಮಾಡಿದ್ದನ್ನೇ: ವರ್ಗ ಮಾಡು, ಎರಡು ಕಳೆ, ಉಕ್ಕಿದ್ದನ್ನು ಬಲಕ್ಕೆ ಮಡಿಸು.

ಅಲ್ಲಿಂದ ಮುಂದೆ ದಾಖಲೆಗಳ ಓಟ. ಅದನ್ನು ವಿವರವಾಗಿ ಹೇಳುವ ಆಸೆ ನನಗಿಲ್ಲ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ ಜಿಂಪ್ಸ್ ಯೋಜನೆಯಲ್ಲಿ ಜಗತ್ತಿನ ಎಲ್ಲೆಡೆಯ ಹವ್ಯಾಸಿಗಳು ತಮ್ಮ ಕಂಪ್ಯೂಟರಿನ ಬಿಡುವಿನ ವೇಳೆಯನ್ನು ಈ ಹುಡುಕಾಟಕ್ಕೆ ಕೊಡುತ್ತಾರೆ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಅವರಿಗೆ ಸಿಕ್ಕಿದ್ದು 2¹³⁶²⁷⁹⁸⁴¹ − 1. ಅದಕ್ಕೆ 4,10,24,320 ಅಂಕಿ.

ಭಾರತದ ಪಾಲೂ ಈ ಕಥೆಯಲ್ಲಿದೆ. ಲ್ಯೂಕಾನ ಪರೀಕ್ಷೆ ವಿಶೇಷ ರೂಪದ ಸಂಖ್ಯೆಗಳಿಗೆ ಮಾತ್ರ. ಯಾವುದೇ ಸಂಖ್ಯೆ ಕೊಟ್ಟರೂ, ಅಪವರ್ತನ ಹುಡುಕದೆ, ಊಹೆಯ ಸೋಂಕಿಲ್ಲದೆ, ಮಿತ ಕಾಲದಲ್ಲಿ ಅದು ಅವಿಭಾಜ್ಯವೇ ಎಂದು ಹೇಳಬಹುದೇ? 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಹೌದು ಎಂದು ಸಾಧಿಸಿದರು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್ ಮುಗಿಸಿದ ಹುಡುಗರು. ಕಯಾಲ್ ಅವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರಕ್ಕೆ ಬಂದರು. ಮರ್ಸೆನ್ ಸಂಖ್ಯೆಗಳ ಮಟ್ಟಿಗೆ ಮಾತ್ರ ಲ್ಯೂಕಾನ ದಾರಿಯೇ ಈಗಲೂ ಹೆಚ್ಚು ವೇಗದ್ದು.

ಬಾರ್ಲೋ ಉಪಯೋಗವಿಲ್ಲ ಎಂದಿದ್ದ ಸಂಖ್ಯೆಗಳು ಇಂದು ನಮ್ಮ ಜೇಬಿನಲ್ಲಿವೆ. ಆಯ್ಲರ್ ಪರೀಕ್ಷಿಸಿದ 2147483647 ಎಂಬುದೇ 32 ಬಿಟ್‌ಗಳ ಪೂರ್ಣಾಂಕದ ಮೇಲಿನ ಗಡಿ. ಹಳೆಯ ಕಂಪ್ಯೂಟರ್ ಗಡಿಯಾರಗಳ ಸೆಕೆಂಡಿನ ಎಣಿಕೆ 2038ರ ಜನವರಿ 19ರಂದು ಮುಟ್ಟುವುದು ಇದನ್ನೇ. ಲ್ಯೂಕಾನ ಸಂಖ್ಯೆ 128 ಬಿಟ್‌ಗಳ ಪೂರ್ಣಾಂಕದ ಗಡಿ. ಗೂಢಲಿಪಿಯವರಿಗೂ ಅದು ಪ್ರಿಯ. ಗೂಢಲಿಪಿಯ ಹಲವು ಲೆಕ್ಕಗಳಲ್ಲಿ ದೊಡ್ಡ ಅವಿಭಾಜ್ಯದಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಭಾಗಿಸದೆ ಮಡಿಸಿ ಕೂಡಿದರೆ ಸಾಕೆಂದಾದರೆ ಯಂತ್ರಕ್ಕೆ ಎಷ್ಟೋ ಹೊರೆ ಇಳಿಯುತ್ತದೆ. 2015ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಫೋರ್‌ಕ್ಯೂ ಎಂಬ ಗೂಢಲಿಪಿ ವಕ್ರರೇಖೆಯನ್ನು ಕಟ್ಟಿದ್ದು 2¹²⁷ − 1ರ ಮೇಲೆ.

ಇದೇ ಸಂಖ್ಯೆಯ ಬಗ್ಗೆ ಒಂದು ಪ್ರಶ್ನೆ ಲ್ಯೂಕಾನ ಕಾಲದಿಂದ ಉತ್ತರವಿಲ್ಲದೆ ಉಳಿದಿದೆ. ಅವನ ಟಿಪ್ಪಣಿ ಬಂದ ವರ್ಷವೇ ಯೂಜೀನ್ ಕತಲಾನ್ ಒಂದು ಸರಪಣಿಯನ್ನು ತೋರಿಸಿದ. ಎರಡರಿಂದ ಹೊರಟು, ಬಂದ ಸಂಖ್ಯೆಯನ್ನೇ ಘಾತಾಂಕವಾಗಿ ಇಡುತ್ತ ಹೋದರೆ 2² − 1 ಎಂದರೆ 3, 2³ − 1 ಎಂದರೆ 7, 2⁷ − 1 ಎಂದರೆ 127, ಅದರ ಮುಂದಿನದು ನಮ್ಮ 39 ಅಂಕಿಗಳದ್ದು. ಐದೂ ಅವಿಭಾಜ್ಯ. ಆರನೆಯದು? ಎರಡನ್ನು ಆ 39 ಅಂಕಿಗಳ ಘಾತಕ್ಕೆ ಏರಿಸಿ ಒಂದು ಕಳೆಯಬೇಕು. ಬರುವ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿರುತ್ತವೆ ಎಂದು ಬರೆಯಲೇ 38 ಅಂಕಿಗಳು ಬೇಕು. ಅದನ್ನು ಪೂರ್ತಿ ಬರೆದಿಡುವ ಯಂತ್ರ ಇಲ್ಲ, ಆಗುವಂತೆಯೂ ಇಲ್ಲ. ಲ್ಯೂಕಾ–ಲೇಮರ್ ಪರೀಕ್ಷೆ ಅದರ ಬಳಿ ಸುಳಿಯಲಾರದು. ಇನ್ನುಳಿದದ್ದು ಫರ್ಮಾನ 1640ರ ಉಪಾಯ: ಅದಕ್ಕೆ ಅಪವರ್ತನ ಇದ್ದರೆ, ಅದರಿಂದ ಒಂದು ಕಳೆದಾಗ 2¹²⁷ − 1ರ ಎರಡರಷ್ಟರಿಂದ ಭಾಗವಾಗಬೇಕು. ಆ ಜಾಡಿನಲ್ಲಿ ಕಂಪ್ಯೂಟರುಗಳು ಹುಡುಕುತ್ತಲೇ ಇವೆ. ಇದುವರೆಗೆ ಒಂದು ಅಪವರ್ತನವೂ ಸಿಕ್ಕಿಲ್ಲ.